ಪಥ್ಯವೂ ಪ್ರತಿನಿಧಿಯೂ

ಬಿಟ್ಟುದರ ಸ್ಥಾನದಲ್ಲಿ ಇಡತಕ್ಕದ್ದೇನು ಎಂಬ ಪ್ರಶ್ನೆಯು ನಮ್ಮ ಪೂರ್ವಿಕರಿಗೆ ಯಜ್ಞಶಾಲೆಯಲ್ಲಿಯೇ ಎದುರಾಯಿತು. ಸೋಮಲತೆಯು ದೊರೆಯದಿದ್ದಲ್ಲಿ ಪೂತೀಕವನ್ನು ಪ್ರತಿನಿಧಿಯಾಗಿ ಗ್ರಹಿಸಬಹುದೆಂದು ಯಾಜ್ಞಿಕರು ವಿಧಿಸಿದರು. ಆದರೆ ನಿಷಿದ್ಧವಾದ ದ್ರವ್ಯವು ಎಂದಿಗೂ ಪ್ರತಿನಿಧಿಯಾಗಲಾರದೆಂದು ಮೀಮಾಂಸಕರು ನಿರ್ಣಯಿಸಿದರು. ಈ ನಿರ್ಣಯವು ಅಡಿಗೆಮನೆಗೂ ಸಲ್ಲುವುದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ರೇಷ್ಮೆಯಂತೆಯೇ ಹೈನೂ ಸಂಸಾರಗಳನ್ನು ಸಾಕುತ್ತಿದೆ. ಮುಂಜಾನೆಯೇ ಹಾಲಿನ ಕ್ಯಾನುಗಳು ಊರಿನ ಡೈರಿಗೆ ಸಾಗುವುವು. ಇಂತಹ ಸೀಮೆಯಲ್ಲಿ ಹೊಟ್ಟೆಯುಬ್ಬರದಿಂದಲೋ ಮೈತುರಿಕೆಯಿಂದಲೋ ನರಳುವವನಿಗೆ ವೈದ್ಯನು, ಎರಡರಿಂದ ನಾಲ್ಕು ವಾರ ಹಾಲನ್ನೂ ಹಾಲಿನಿಂದಾದುದೆಲ್ಲವನ್ನೂ ಬಿಟ್ಟು, ಅನಂತರ ಒಂದೊಂದನ್ನಾಗಿ ಸೇವಿಸಿ ಪರೀಕ್ಷಿಸೆಂದು ಹೇಳಿದರೆ, ಆತನಿಗೆ ಅದು ದೊಡ್ಡ ಶಿಕ್ಷೆಯಾಗಿಯೇ ತೋರುವುದು. ಆದರೆ ಕಾರಣವು ವಿಚಿತ್ರವಾದುದಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿಯು ಶೈಶವವು ಕಳೆದ ಮೇಲೆ ದಕ್ಷಿಣದೇಶದ ಅನೇಕರಲ್ಲಿ ತಗ್ಗುತ್ತದೆ. ಮತ್ತೆ ಕೆಲವರ ದೇಹಕ್ಕೆ ಹಾಲಿನ ಸಸಾರಜನಕವೇ ಒಗ್ಗದು.

ಹಾಲನ್ನು ಬಿಟ್ಟವರಲ್ಲಿ ಮಹಾತ್ಮಾ ಗಾಂಧಿಯವರ ದೃಷ್ಟಾಂತವು ಲೋಕಪ್ರಸಿದ್ಧವಾದುದು. 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಕ್ಷೇತ್ರದಲ್ಲಿ ಅವರೂ ಕಾಲೆನ್‌ಬಾಕರೂ ಹಾಲನ್ನು ತ್ಯಜಿಸಿದರು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಆಮಶಂಕೆಯಿಂದ ದೇಹವು ಕುಗ್ಗಿದ ಮೇಲೆ, ಹಾಲಿಲ್ಲದೆ ಶರೀರವು ಚೇತರಿಸದೆಂದು ವೈದ್ಯರು ಹೇಳಿದರು. ವ್ರತವನ್ನು ಕೈಕೊಂಡಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲಷ್ಟೆ, ಆಡಿನ ಹಾಲಿಗೆ ಆಕ್ಷೇಪವೇನು ಎಂದು ಕಸ್ತೂರಬಾ ಕೇಳಿದರು. ಗಾಂಧಿಯವರು ಒಪ್ಪಿದರು, ಆದರೆ ವ್ರತದ ಅಕ್ಷರವು ಉಳಿದು ಆತ್ಮವು ಹೋಯಿತೆಂಬ ಕೊರಗನ್ನು ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. ಆ ಕೊರಗನ್ನು ಹೊತ್ತವರೇ 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಮಿಸುತ್ತಿದ್ದಾಗ ಅಲ್ಲಿನ ಇಂಪೀರಿಯಲ್ ಡೈರಿಗೆ ಹೋಗಿ ಗೋಪಾಲನೆಯ ಕ್ರಮವನ್ನು ಶ್ರದ್ಧೆಯಿಂದ ಅಭ್ಯಸಿಸಿದರು.

ವ್ರತದಲ್ಲಿ ಅಕ್ಷರಕ್ಕೂ ಆತ್ಮಕ್ಕೂ ನಡುವೆ ಸಂದು ಉಂಟು. ಪಥ್ಯದಲ್ಲಿ ಆ ಸಂದೂ ಇಲ್ಲ. ಶರೀರವು ಶಬ್ದಾರ್ಥವನ್ನು ಲೆಕ್ಕಿಸುವುದಿಲ್ಲ. ಹಸುವಿನ ಹಾಲಿನ ಸಸಾರಜನಕವು ಒಗ್ಗದವನಿಗೆ ಆಡಿನ ಹಾಲೂ ಬಹುಮಟ್ಟಿಗೆ ಒಗ್ಗದು. ಎರಡೂ ಒಂದೇ ಜಾತಿಯವು. ಮಜ್ಜಿಗೆ ಬೆರಸಿದ ಅಂಬಲಿ, ಹಾಲಿನ ಪುಡಿ ಕೂಡಿದ ಮಾಲ್ಟು, ಒಂದು ತುಂಡು ಪೇಡ—ಇವು ನಿಷಿದ್ಧವೇ ಪ್ರತಿನಿಧಿಯ ವೇಷದಲ್ಲಿ ಬಂದ ಬಗೆಗಳು. ಹೀಗೆ ಮಾಡುವವನು ವೈದ್ಯನನ್ನು ವಂಚಿಸುವುದಕ್ಕಿಂತ ಹೆಚ್ಚಾಗಿ ತನ್ನ ಪ್ರಶ್ನೆಗೆ ಬರಬೇಕಾದ ಉತ್ತರವನ್ನೇ ಕೆಡಿಸುತ್ತಾನೆ.

ಹಾಗಾದರೆ ಯೋಗ್ಯವಾದ ಪ್ರತಿನಿಧಿ ಯಾವುದು? ಹಾಲಿನ ಲೋಟವು ಮೂರು ಕೆಲಸಗಳನ್ನು ಮಾಡುತ್ತದೆ: ದೇಹವನ್ನು ಪೋಷಿಸುವುದು, ಹೊತ್ತನ್ನು ಸೂಚಿಸುವುದು, ಪ್ರೀತಿಯನ್ನು ತಿಳಿಸುವುದು. ಪೋಷಣೆಗೆ ಈ ಸೀಮೆಯ ರಾಗಿಯೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವುಂಟು. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ಆದರೂ ಲೆಕ್ಕದಲ್ಲಿ ಮೋಸವಿರಬಾರದು. ಎರಡು ಚಮಚ ಹಿಟ್ಟಿನ ಗಂಜಿಯು ಒಂದು ಲೋಟ ಹಾಲಿಗೆ ಸಮವಾಗದು; ರಾಗಿಯ ಸುಣ್ಣವೆಲ್ಲವೂ ದೇಹಕ್ಕೆ ಹತ್ತುವುದಿಲ್ಲ, ನೆನೆಸಿ ಮೊಳಕೆ ಕಟ್ಟಿದರೆ ಸ್ವಲ್ಪ ಹೆಚ್ಚಾಗಿ ಹತ್ತೀತು. ಲೋಟದ ನಷ್ಟವನ್ನು ಮಧ್ಯಾಹ್ನದ ಮುದ್ದೆ, ಹುರುಳಿ, ಸೊಪ್ಪು, ಎಳ್ಳುಗಳೇ ತುಂಬಬೇಕು. ಮಾಂಸಾಹಾರವಿಲ್ಲದವನು ಬಿ-12 ಜೀವಸತ್ತ್ವಕ್ಕಾಗಿ ವೈದ್ಯನನ್ನು ಕೇಳಬೇಕು, ಅದು ರಾಗಿಯಲ್ಲಿಲ್ಲ.

ಹೊತ್ತಿನ ಅಭ್ಯಾಸಕ್ಕೆ ಬೆಲ್ಲ ಶುಂಠಿಗಳ ಬಿಸಿ ಕಷಾಯವೇ ಸಾಕು. ಕಷ್ಟವಾದುದು ಮೂರನೆಯದು. ನೆಂಟರ ಮನೆಯಲ್ಲಿ ಹಿರಿಯಳೊಬ್ಬಳು ಕಾಯಿಸಿ ತಂದ ಹಾಲನ್ನು ಬೇಡವೆನ್ನುವುದು ಅವಳ ಅಕ್ಕರೆಯನ್ನೇ ಬೇಡವೆಂದಂತೆ ಕೇಳಿಸುವುದು. ದಾಕ್ಷಿಣ್ಯದಿಂದ ಕುಡಿದು ವಾರಗಳ ಪಥ್ಯವನ್ನು ಕೆಡಿಸುವುದೂ, ಒರಟಾಗಿ ನಿರಾಕರಿಸುವುದೂ ಸಮಾನವಾದ ತಪ್ಪುಗಳು. ಕಾರಣವನ್ನು ವಿನಯದಿಂದ ತಿಳಿಸಿ ಅವಳ ಕೈಯಿಂದಲೇ ಒಂದು ಲೋಟ ನೀರನ್ನು ಕೇಳಿ ಕುಡಿದರೆ, ಅಕ್ಕರೆಗೆ ತಕ್ಕ ಪ್ರತಿನಿಧಿಯು ದೊರೆತಂತಾಯಿತು.

ಪಥ್ಯವು ಶಾಶ್ವತವಾದ ತ್ಯಾಗವಲ್ಲ. ದೇಹವನ್ನು ಸಾಕ್ಷಿಗೆ ಕರೆದು ವಿಚಾರಿಸುವ ಕ್ರಮ. ಗಡುವು ತೀರಿದ ಮೇಲೆ ಹಾಲು ನಿರ್ದೋಷಿಯೆಂದು ತಿಳಿದುಬಂದರೆ ಹಟವಿಲ್ಲದೆ ಅದನ್ನು ಮತ್ತೆ ಕುಡಿಯುವುದೂ, ದೋಷಿಯೆಂದು ತಿಳಿದುಬಂದರೆ ಅಳಲದೆ ಬಿಡುವುದೂ ಸತ್ಯನಿಷ್ಠೆಯೇ. ಸಾಕ್ಷಿಯು ನುಡಿಯುವವರೆಗೆ ಅದರ ಬಾಯಿಗೆ ತನ್ನ ಆಸೆಯ ಮಾತನ್ನು ತುರುಕದಿರುವುದೇ ಪಥ್ಯವಂತನ ಧರ್ಮ.