ವ್ರತಕ್ಕೆ ಬೇಕಾದವರು ಸಾಕ್ಷಿಗಳೋ, ಪ್ರೇಕ್ಷಕರೋ?

ಉಪವಾಸವೆಂಬುದು ಕೇವಲ ಆಹಾರತ್ಯಾಗವಲ್ಲ. ಇಂದ್ರಿಯಗಳು ತಮ್ಮ ತಮ್ಮ ವಿಷಯಗಳಿಂದ ಹಿಂದಿರುಗಿ ಆತ್ಮನ ಸಮೀಪದಲ್ಲಿ ನೆಲೆಗೊಳ್ಳುವುದೇ ಉಪವಾಸವೆಂದು ಪೂರ್ವಾಚಾರ್ಯರು ತಿಳಿಸಿದ್ದಾರೆ. ನಾಲಿಗೆಗೆ ಅನ್ನವನ್ನು ನಿಲ್ಲಿಸಿ ಕಿವಿಗೆ ಹೊಗಳಿಕೆಯನ್ನು ಉಣಿಸುತ್ತಿದ್ದರೆ ಆ ದಿನ ಉಪವಾಸ ನಡೆಯಿತೆಂದು ಹೇಳುವುದು ಹೇಗೆ? ಈ ಪ್ರಶ್ನೆ ಹಳೆಯದು. ಆದರೆ ಮೊಬೈಲ್ ಫೋನು ಮನೆಮನೆಗೆ ಬಂದ ಮೇಲೆ ಅದು ಹೊಸ ರೂಪದಲ್ಲಿ ಶ್ರಾವಕರ ಮುಂದೆ ನಿಂತಿದೆ.

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಕಣಗಲಾ, ಸಂಕೇಶ್ವರ, ನಿಪ್ಪಾಣಿ ಮೊದಲಾದ ಕಡೆಗಳ ದಿಗಂಬರ ಮನೆಗಳಲ್ಲಿ ಏಕಭುಕ್ತ ಮಾಡುವವರೂ ಉಪವಾಸ ಹಿಡಿಯುವವರೂ ಇರುತ್ತಾರೆ. ಹಿಂದೆ ಈ ಸಂಗತಿ ಬಸದಿಯಲ್ಲಿ ಪೂಜೆಗೆ ಬಂದವರಿಗೆ ಮಾತ್ರ ತಿಳಿಯುತ್ತಿತ್ತು. ಈಗ ಮೂರನೆಯ ದಿನವೇ ಉಪವಾಸಿಗೆ ಹಾರ ಹಾಕಿ ಚಿತ್ರ ತೆಗೆದು ನೂರಾರು ಜನಕ್ಕೆ ಕಳಿಸಿಬಿಡಬಹುದು. ಅದನ್ನು ಕಂಡ ಇನ್ನೊಂದು ಮನೆಯವರು ಉತ್ತರವಾಗಿ ತಮ್ಮ ಮಗಳ ಐದು ದಿನದ ಉಪವಾಸದ ಚಿತ್ರವನ್ನು ಕಳಿಸಬಹುದು. ಅದರ ಕೆಳಗೆ ಮತ್ತೊಬ್ಬರ ಹತ್ತು ದಿನದ ಚಿತ್ರ ಬಂದು ಕೂಡಬಹುದು. ಯಾರ ಬಾಯಿಂದಲೂ ಕೆಟ್ಟ ಮಾತು ಬಂದಿಲ್ಲ. ಆದರೂ ಮೊದಲನೆಯವಳ ಮೂರು ದಿನದ ತಪಸ್ಸು ಚಿಕ್ಕದಾಗಿಹೋಯಿತು.

ಆತ್ಮಪ್ರಶಂಸೆ, ಪರನಿಂದೆ, ಇತರರ ಇರುವ ಗುಣವನ್ನು ಮುಚ್ಚುವುದು, ತನ್ನ ಇಲ್ಲದ ಗುಣವನ್ನು ತೋರುವುದು ಇವು ನೀಚಗೋತ್ರದ ಆಸ್ರವಕ್ಕೆ ಕಾರಣಗಳೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ವಿಧಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿರುವ ಎಂಟು ಮದಗಳಲ್ಲಿ ತಪಸ್ಸಿನ ಮದವೂ ಒಂದು, ಶರೀರದ ಮದವೂ ಒಂದು. ಒಂದು ಚಿತ್ರಕ್ಕೆ ಉತ್ತರವಾಗಿ ಇನ್ನೊಂದು ಚಿತ್ರವನ್ನು ಇಡುವವನು ಮಾತಿನಲ್ಲಿ ನಿಂದೆ ಮಾಡದಿದ್ದರೂ ಭಾವದಲ್ಲಿ ತಕ್ಕಡಿ ಹಿಡಿದಿರುತ್ತಾನೆ. ಕರ್ಮವು ಭಾವವನ್ನು ಅನುಸರಿಸಿ ಬಂಧಿಸುತ್ತದೆಯೇ ಹೊರತು ಮಾತನ್ನು ಮಾತ್ರ ನೋಡಿಯಲ್ಲ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಪ್ರಭಾವನೆಯು ಸಮ್ಯಗ್ದರ್ಶನದ ಎಂಟನೆಯ ಅಂಗವಲ್ಲವೇ? ತಪಸ್ವಿಗಳ ಚಿತ್ರವನ್ನು ಕಂಡು ನಾಲ್ವರಿಗೆ ವ್ರತದಲ್ಲಿ ರುಚಿ ಹುಟ್ಟಿದರೆ ತಪ್ಪೇನು? ಕರ್ನಾಟಕದ ನಿಷಿಧಿಗಲ್ಲುಗಳೂ ವ್ರತಿಗಳ ಚಿತ್ರಗಳೇ ಅಲ್ಲವೇ?

ಶಂಕೆ ಉಚಿತವಾದುದೇ. ಸಮಾಧಾನಕ್ಕಾಗಿ ಆ ಕಲ್ಲುಗಳನ್ನೇ ನೋಡಬೇಕು. ನಿಷಿಧಿಗಲ್ಲನ್ನು ವ್ರತಿ ತಾನೇ ನಿಲ್ಲಿಸಿಕೊಂಡದ್ದಲ್ಲ. ವ್ರತ ಪೂರ್ಣವಾಗಿ ಸಮಾಧಿಮರಣವಾದ ಮೇಲೆ ಉಳಿದವರು ನಿಲ್ಲಿಸಿದ್ದು. ಎಷ್ಟೋ ಕಲ್ಲುಗಳಲ್ಲಿ ವ್ರತಿಯು ಕೈಮುಗಿದು ಗುರುವಿನ ಎದುರು ಕುಳಿತಿರುತ್ತಾನೆ. ನಡುವೆ ಗ್ರಂಥವನ್ನಿಡುವ ಪೀಠವಿರುತ್ತದೆ. ಅಂದರೆ ಆತನ ಮುಖ ನೋಡುಗರ ಕಡೆಗಿಲ್ಲ, ಗುರುವಿನ ಕಡೆಗಿದೆ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯು ಶ್ರವಣಬೆಳಗೊಳದಲ್ಲಿ ಒಂದು ತಿಂಗಳ ಉಪವಾಸದಿಂದ ದೇಹತ್ಯಾಗ ಮಾಡಿದುದನ್ನು ತಿಳಿಸುವ ಶಾಸನವೂ ಅದಕ್ಕೆ ಸಾಕ್ಷಿಯಾಗಿದ್ದ ಗುರುಗಳ ಹೆಸರನ್ನು ಹೇಳುವುದನ್ನು ಮರೆತಿಲ್ಲ.

ದೂರದ ಉದಾಹರಣೆಯೇ ಬೇಕಿಲ್ಲ. ಕಣಗಲಾದಿಂದ ಬಹು ದೂರವಿಲ್ಲದ ಭೋಜದಲ್ಲಿ ಬೆಳೆದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಯಮಸಲ್ಲೇಖನ ಸ್ವೀಕರಿಸಿ ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು. ಅವರ ಭಾವಚಿತ್ರ ಈ ಭಾಗದ ಮನೆಗಳಲ್ಲಿ ಪೂಜ್ಯವಾಗಿದೆ. ಸದಲಗಾದಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರ ಮಹಾರಾಜರು 2024ರ ಫೆಬ್ರವರಿ 18ರಂದು ಡೊಂಗರಗಢದಲ್ಲಿ ದೇಹ ಬಿಟ್ಟಾಗ ಅವರ ಚಿತ್ರಗಳು ದೇಶದ ಮೂಲೆಮೂಲೆಗೂ ತಲುಪಿದವು. ಆ ಚಿತ್ರಗಳನ್ನು ಕಂಡವರಿಗೆ ವೈರಾಗ್ಯ ಉಂಟಾಗುವುದು ಅವರು ನೋಡುಗರನ್ನು ಬಯಸಿದ್ದರೆಂಬುದರಿಂದಲ್ಲ, ಬಯಸದೆ ಇದ್ದರೆಂಬುದರಿಂದ.

ಸಾಕ್ಷಿಗೂ ಪ್ರೇಕ್ಷಕನಿಗೂ ಇರುವ ಭೇದ ಇಲ್ಲಿಯೇ ತಿಳಿಯುತ್ತದೆ. ವ್ರತವನ್ನು ಗುಟ್ಟಾಗಿ ಇಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ದೇವ, ಗುರು, ಸಂಘದ ಸಾಕ್ಷಿಯಾಗಿಯೇ ಅದನ್ನು ಹಿಡಿಯುತ್ತಾರೆ. ಸಾಕ್ಷಿಯಾದವನಿಗೆ ಹೊಣೆಯುಂಟು. ವ್ರತಿ ತತ್ತರಿಸಿದರೆ ಕೈಹಿಡಿಯಬೇಕು, ಶಕ್ತಿ ಮೀರಿದರೆ ಸಾಕೆಂದು ಹೇಳಬೇಕು. ಪ್ರೇಕ್ಷಕನಿಗೆ ಅಂತಹ ಹೊಣೆಯಿಲ್ಲ. ಅವನು ಧನ್ಯ ಧನ್ಯ ಎಂದು ಬರೆದು ತನ್ನ ಕೆಲಸಕ್ಕೆ ಹೋಗುತ್ತಾನೆ.

ಎಂಟು ದಿನದ ಸಂಕಲ್ಪ ಮಾಡಿದ ಒಬ್ಬ ಸೊಸೆಗೆ ಐದನೆಯ ದಿನ ತಲೆ ಸುತ್ತು ಬಂದಿತೆಂದು ಇಟ್ಟುಕೊಳ್ಳಬಹುದು. ಚಿತ್ರ ಎಲ್ಲಿಗೂ ಹೋಗಿರದಿದ್ದರೆ ಅತ್ತೆಯೇ ಹತ್ತಿರ ಕುಳಿತು, “ಸಾಕವ್ವಾ, ಗುರುಗಳಿಗೆ ತಿಳಿಸಿ ಪಾರಣೆ ಮಾಡು, ಮುಂದಿನ ವರ್ಷ ನೋಡೋಣ” ಎನ್ನುತ್ತಿದ್ದಳು. ಚಿತ್ರ ಹೋದ ಮೇಲೆ ಅದೇ ಅತ್ತೆಯ ಬಾಯಿಂದ, “ಊರಿಗೆಲ್ಲ ಗೊತ್ತಾಗೇತಿ, ಈಗ ಬಿಟ್ಟರ ಮಂದಿ ಏನಂದಾರು?” ಎಂಬ ಮಾತು ಹೊರಡುವುದು ಸಂಭವ. ಆಗ ಆಕೆಯನ್ನು ಹಿಡಿದಿರುವುದು ವ್ರತವಲ್ಲ, ಲೋಕಲಜ್ಜೆ. ಷೋಡಶ ಭಾವನೆಗಳಲ್ಲಿ ತಪಸ್ಸಿಗೆ ಶಕ್ತಿಯ ಮಿತಿಯನ್ನು ಹೇಳಿದ್ದು ವೃಥಾ ಅಲ್ಲ. 2016ರ ಅಕ್ಟೋಬರ್ ತಿಂಗಳಲ್ಲಿ ಹೈದರಾಬಾದ್ ನಗರದಲ್ಲಿ 13 ವರ್ಷದ ಜೈನ ಬಾಲಕಿಯೊಬ್ಬಳು 68 ದಿನಗಳ ಉಪವಾಸ ಮುಗಿಸಿದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಆ ಮನೆಯವರ ಅಂತರಂಗವನ್ನು ಹೊರಗಿನವರು ನಿರ್ಣಯಿಸುವುದು ಸಲ್ಲ. ಆದರೆ ಮಗುವಿನ ತಪಸ್ಸು ಸಾರ್ವಜನಿಕ ಸಂಭ್ರಮವಾದಾಗ ಸಾಕೆನ್ನುವ ಧೈರ್ಯ ಹಿರಿಯರಿಗೆ ಎಲ್ಲಿಂದ ಬಂದೀತು ಎಂಬುದನ್ನು ಪ್ರತಿಯೊಂದು ಶ್ರಾವಕ ಕುಟುಂಬವೂ ಚಿಂತಿಸತಕ್ಕದ್ದು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಿಗೆ ಉಪವಾಸಿಯ ಪ್ರಾಣವೂ ಪ್ರಾಣವೇ.

ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ವರ್ಷವಿಡೀ ಒಲೆಯ ಮುಂದೆ ದುಡಿಯುವ ಹೆಣ್ಣುಮಗಳಿಗೆ ಆ ಒಂದು ಚಿತ್ರದಲ್ಲಿ ಮಾತ್ರ ಮನೆಯವರ ಗೌರವ ದೊರೆಯುತ್ತಿರಬಹುದು. ತಾನು ಉಪವಾಸವಿದ್ದೂ ಹತ್ತು ಜನಕ್ಕೆ ಅಡಿಗೆ ಮಾಡಿಟ್ಟವಳಿಗೆ ಹಾರದ ಚಿತ್ರ ಬೇಡವೆಂದು ಉಪದೇಶಿಸುವುದು ಸುಲಭ. ಅದಕ್ಕಿಂತ ಮೊದಲು ಆ ಹತ್ತು ದಿನ ಅಡಿಗೆಯ ಭಾರವನ್ನು ಆಕೆಯಿಂದ ಇಳಿಸಬೇಕು. ಆಕೆಗೆ ಸಲ್ಲಬೇಕಾದ ಗೌರವ ವೈಯಾವೃತ್ಯವೇ ಆಗಿದೆ. ಕಾಲೊತ್ತುವ ಕೈಯೊಂದು ಹತ್ತಿರವಿದ್ದರೆ ಹೊಗಳುವ ನೂರು ಕೈಗಳ ಅಗತ್ಯ ಬೀಳುವುದಿಲ್ಲ.

ಆದುದರಿಂದ ಚಿತ್ರವನ್ನು ಪೂರ್ಣವಾಗಿ ನಿಷೇಧಿಸುವುದಕ್ಕಿಂತ ಮಿತಿಯನ್ನು ಹಾಕಿಕೊಳ್ಳುವುದು ಗೃಹಸ್ಥರಿಗೆ ಯುಕ್ತ. ವ್ರತ ನಡೆಯುತ್ತಿರುವಾಗ ಉಪವಾಸಿಯ ಚಿತ್ರ ಮನೆಯಿಂದ ಹೊರಗೆ ಹೋಗಬಾರದು. ಮಕ್ಕಳ ಉಪವಾಸದ ಚಿತ್ರ ಎಂದಿಗೂ ಹೋಗಬಾರದು. ಇನ್ನೊಬ್ಬರ ಚಿತ್ರಕ್ಕೆ ತಮ್ಮದನ್ನು ಉತ್ತರವಾಗಿ ಇಡಬಾರದು. ಅನುಮೋದನೆಯ ಎರಡು ಮಾತು ಸಾಕು. ಪಾರಣೆಯಾದ ಮೇಲೆ ನೆನಪಿಗೆ ಬೇಕೆನಿಸಿದರೆ ವ್ರತಿಯ ಒಪ್ಪಿಗೆ ಪಡೆದು, ವ್ರತ ಕೊಟ್ಟ ಗುರುಗಳೂ ಸೇವೆ ಮಾಡಿದ ಮನೆಯವರೂ ಜೊತೆಗಿರುವ ಒಂದು ಚಿತ್ರವನ್ನು ಇರಿಸಿಕೊಳ್ಳಬಹುದು. ಕರ್ಮನಿರ್ಜರೆಗೆ ಹಿಡಿದ ವ್ರತವು ಹೊಸ ಕರ್ಮದ ಆಸ್ರವಕ್ಕೆ ಬಾಗಿಲಾಗದಂತೆ ಕಾಯುವುದು ವ್ರತಿಯ ಕರ್ತವ್ಯ ಹೇಗೋ ಮನೆಯವರ ಕರ್ತವ್ಯವೂ ಹಾಗೆಯೇ.