ವೈದ್ಯನ ಕಾಯಕ ಯಾವುದು?



ಕಳೆದ ಹುಣ್ಣಿಮೆಯ ಅನುಭಾವ ಗೋಷ್ಠಿಯಲ್ಲಿ ಕಾಯಕ ತತ್ವದ ಮೇಲೆ ನಾಲ್ಕು ಮಾತು ಆಡಬೇಕೆಂದು ಪೂಜ್ಯರು ನಮಗೆ ಅಪ್ಪಣೆ ಮಾಡಿದ್ದರು. ತಿಳಿದಷ್ಟು ಆಡಿದೆವು. ಮಾತು ಮುಗಿದ ಮೇಲೆ ಅಡತಿ ಅಂಗಡಿಯ ಹಿರಿಯರೊಬ್ಬರು ಎದ್ದು ನಿಂತು, "ಡಾಕ್ಟರ್ ಸಾಹೇಬ್ರ, ಒಕ್ಕಲಿಗ ಬೆಳೀತಾನ, ನೇಕಾರ ನೇಯ್ತಾನ, ನಾವು ತೂಗಿ ಮಾರತೀವಿ. ನಿಮ್ಮ ಕಾಯಕ ನಡೀಬೇಕಾದ್ರ ನಮಗ ಜಡ್ಡ ಬರಬೇಕಲ್ರೀ? ಅದೂ ಕಾಯಕ ಆಗ್ತದೇನ್ರೀ?" ಎಂದು ಕೇಳಿದರು. ಸಭೆ ನಕ್ಕಿತು. ನಾವೂ ನಕ್ಕೆವು. ಮನೆಗೆ ಬಂದ ಮೇಲೆ ನಗೆ ಉಳಿಯಲಿಲ್ಲ.

ರೋಗಿಯ ನಾಡಿ ಹಿಡಿಯುವುದು ಕಾಯಕವೇ ಎಂಬುದರಲ್ಲಿ ಸಂಶಯವಿಲ್ಲ. 12ನೆಯ ಶತಮಾನದ ಶರಣರ ಗಣದಲ್ಲಿ ವೈದ್ಯ ಸಂಗಣ್ಣನೂ ಇದ್ದನು. ಮಡಿವಾಳನ, ಅಂಬಿಗನ, ಸೂಜಿಯ ಕಾಯಕದವನ ಸಾಲಿನಲ್ಲಿ ವೈದ್ಯನಿಗೂ ಜಾಗ ದೊರೆತಿತ್ತು. ಸಂಶಯವಿರುವುದು ನಮ್ಮ ಬಗ್ಗೆ. ದವಾಖಾನೆಯ ಬಾಗಿಲು ತೆರೆದು ಕುಳಿತು ದಿನಕ್ಕೆ ಐವತ್ತು ಅರವತ್ತು ಜನರಿಗೆ ನಾವು ಮಾಡುತ್ತಿರುವುದರಲ್ಲಿ ಸತ್ಯಶುದ್ಧವಾದದ್ದು ಎಷ್ಟು, ಬರಿಯ ವ್ಯಾಪಾರ ಎಷ್ಟು?

ನಮ್ಮ ಕಡೆಯ ದವಾಖಾನೆಗಳ ರೀತಿ ತಮಗೆ ಗೊತ್ತಿದ್ದದ್ದೇ. ನೆಗಡಿ ಇರಲಿ, ಮೊಣಕಾಲು ನೋವಿರಲಿ, ಹೊಲದಲ್ಲಿ ದುಡಿದ ದಣಿವಿರಲಿ, ಬಂದವರು ಕುಳಿತುಕೊಳ್ಳುವ ಮೊದಲೇ ಅಂಗಿಯ ತೋಳು ಮೇಲೇರಿಸುತ್ತಾರೆ. ಗುಳಿಗೆ ಬರೆದುಕೊಟ್ಟರೆ ಮುಖ ಸಣ್ಣದಾಗುತ್ತದೆ. ಸೂಜಿ ಮಾಡಿದರೆ ಅರ್ಧ ಗುಣ, ಸಲಾಯಿನ್ ಹಚ್ಚಿದರೆ ಪೂರ್ತಿ ಗುಣ. (ಇದೇ ಜನ 2021ರಲ್ಲಿ ಕೋವಿಡ್ ಲಸಿಕೆಯ ಸೂಜಿ ಊರಿಗೆ ಬಂದಾಗ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಬೇಕಾದ ಸೂಜಿಗೆ ಅಂಜಿಕೆ, ಬೇಡದ ಸೂಜಿಗೆ ಹಂಬಲ!)

ಆ ಬಾಟಲಿಯಲ್ಲಿ ಏನಿದೆ ಎಂದು ಒಮ್ಮೆ ತೆರೆದ ಮನಸ್ಸಿನಿಂದ ನೋಡೋಣ. ಅರ್ಧ ಲೀಟರಿನ ಸಾದಾ ಸಲಾಯಿನಿನಲ್ಲಿರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಶೇಕಡಾ 5ರ ಗ್ಲೂಕೋಸ್ ಬಾಟಲಿಯಾದರೆ 25 ಗ್ರಾಂ ಸಕ್ಕರೆ. ಅದರಿಂದ ಬರುವ ಶಕ್ತಿ ಒಂದು ಜೋಳದ ರೊಟ್ಟಿಯಿಂದ ಬರುವಷ್ಟೂ ಅಲ್ಲ. ವಾಂತಿ ನಿಲ್ಲದವನಿಗೆ, ಎಚ್ಚರ ತಪ್ಪಿದವನಿಗೆ, ರಕ್ತ ಸೋರಿ ಬಂದವನಿಗೆ ಅದು ಪ್ರಾಣ. ನಡೆದುಕೊಂಡು ಬಂದು ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುವವನಿಗೆ ಅದು ದುಬಾರಿ ಬೆಲೆಯ ಉಪ್ಪುನೀರು. ಮೊಣಕಾಲಿಗೆಂದು ತಿಂಗಳಿಗೊಮ್ಮೆ ಕೇಳಿ ಮಾಡಿಸಿಕೊಳ್ಳುವ ಸ್ಟೀರಾಯ್ಡ್ ಸೂಜಿಯಾದರೋ ಅಂದಿಗೆ ನೋವು ಮರೆಸಿ, ಮುಂದೆ ಎಲುಬನ್ನು ಸವೆಸುತ್ತದೆ, ಸಕ್ಕರೆ ರೋಗವನ್ನು ಏರಿಸುತ್ತದೆ. 2009ರಲ್ಲಿ ಗುಜರಾತದ ಮೋಡಾಸಾ ಭಾಗದಲ್ಲಿ ಬಳಸಿದ ಸೂಜಿಯನ್ನೇ ಮತ್ತೆ ಬಳಸಿದ್ದರಿಂದ ಬಿ ವಿಧದ ಕಾಮಾಲೆ ಹರಡಿ ಹಲವಾರು ಜನ ಸತ್ತರು.

ಇಷ್ಟೆಲ್ಲ ಬಲ್ಲ ನಾವೂ ವರ್ಷಗಟ್ಟಲೆ ಕೇಳಿದವರಿಗೆ ಕೇಳಿದಂತೆ ಬಾಟಲಿ ಹಚ್ಚಿದ್ದೇವೆ. ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆವು: ನಾವು ಕೊಡದಿದ್ದರೆ ಇನ್ನೊಬ್ಬ ಕೊಡುತ್ತಾನೆ, ಅವನ ಸೂಜಿ ಸ್ವಚ್ಛವಿರುತ್ತದೋ ಇಲ್ಲವೋ, ನಮ್ಮ ಕೈಯಿಂದಾದರೆ ಅಪಾಯವಾದರೂ ಇಲ್ಲ. ಸೆರೆ ಮಾರುವವನೂ ಇದೇ ಮಾತು ಹೇಳುತ್ತಾನೆ ಎಂಬುದು ಆಗ ಹೊಳೆಯಲಿಲ್ಲ. ಅಪಾಯವಿಲ್ಲ ಎಂಬ ಮಾತು ಸುಳ್ಳೆಂದು ಗೊತ್ತಾದದ್ದು ಹೀಗೆ.

ಹದಿನೈದು ವರ್ಷಗಳ ಹಿಂದೆ ಜತ್ತ ಕಡೆಯ ಕಬ್ಬು ಕಡಿಯುವ ಆಳೊಬ್ಬ ಹಂಗಾಮು ಮುಗಿಸಿ ಊರಿಗೆ ಮರಳಿದವನು ನಮ್ಮಲ್ಲಿಗೆ ಬಂದನು. "ಮೈಯಾಗ ಕಸುವಿಲ್ರೀ, ಒಂದ ಬಾಟ್ಲಿ ಹಚ್ಚರಿ" ಎಂದನು. ಮುಕಾದಮ ಕೊಟ್ಟ ಮುಂಗಡದಲ್ಲಿ ಉಳಿದ ನೋಟುಗಳು ಕೈಯಲ್ಲಿದ್ದವು. ಹಚ್ಚಿದೆವು. ಕೆಮ್ಮು ಇತ್ತು, ಬೀಡಿಯದು ಎಂದನು, ನಾವೂ ಹೌದೆಂದುಕೊಂಡೆವು. ಹೊರಗೆ ಜನ ಕಾದಿದ್ದರು. ಮಲಗಿ ಎದ್ದದ್ದಕ್ಕೋ, ಹಣ ಕೊಟ್ಟ ನಂಬಿಕೆಗೋ ಆತನಿಗೆ ಹಗುರವೆನಿಸಿತು. ನಾಲ್ಕು ತಿಂಗಳಲ್ಲಿ ಮೂರು ಸಲ ಬಂದನು, ಮೂರು ಬಾಟಲಿ ಹಚ್ಚಿಸಿಕೊಂಡು ಹೋದನು. ನಾಲ್ಕನೆಯ ಸಲ ಬರಲಿಲ್ಲ. ಕಫದಲ್ಲಿ ರಕ್ತ ಕಂಡು ಸರಕಾರಿ ದವಾಖಾನೆಗೆ ಹೊತ್ತುಕೊಂಡು ಹೋಗಿದ್ದರು. ಎರಡೂ ಪುಪ್ಪುಸ ಕ್ಷಯದಿಂದ ತೂತಾಗಿದ್ದವು. ಆರು ವರ್ಷದ ಮಗಳ ಕುತ್ತಿಗೆಯಲ್ಲೂ ಗಂಟುಗಳೆದ್ದಿದ್ದವು, ಅವೂ ಕ್ಷಯದವೇ. ಮಗಳು ಔಷಧದಿಂದ ಗುಣವಾದಳು. ತಂದೆ ಉಳಿಯಲಿಲ್ಲ.

ದಿನ ಕರ್ಮಗಳೆಲ್ಲ ಮುಗಿದ ಮೇಲೆ ಆತನ ಹೆಂಡತಿ ಮಗಳನ್ನು ತೋರಿಸಲು ಬಂದಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದಳು: "ಆ ಬಾಟ್ಲಿ ಯಾತಕ್ಕ ಹಚ್ಚಿದ್ರೀ ಸಾಹೇಬ್ರ?" ಅವರು ಕೇಳಿದರು, ಹಚ್ಚಿದೆವಮ್ಮಾ ಎಂದೆವು. "ಅವರಿಗೇನ ತಿಳೀತಿತ್ರೀ? ಕಲತವರು ನೀವು" ಎಂದಳು.

ಬಾಟಲಿಯ ನೀರು ಆತನನ್ನು ಕೊಲ್ಲಲಿಲ್ಲ. ನಾಲ್ಕು ತಿಂಗಳು ಕಾಲವನ್ನು ಕದ್ದಿತು. ಎರಡು ವಾರ ಮೀರಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಆಗಬೇಕೆಂಬುದು ವೈದ್ಯ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ. ಪರೀಕ್ಷೆ ಸರಕಾರಿ ದವಾಖಾನೆಯಲ್ಲಿ ಬಿಟ್ಟಿ, ಔಷಧ ಬಿಟ್ಟಿ; 2018ರಿಂದ ಪಥ್ಯದ ಆಹಾರಕ್ಕೆಂದು ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡತೊಡಗಿದರು, 2024ರ ನವೆಂಬರದಿಂದ ಅದು 1000 ಆಗಿದೆ. ಇದೆಲ್ಲವನ್ನೂ ಹೇಳುವ ಒಂದು ಮಾತು ಸಾಕಾಗಿತ್ತು. ಆ ಮಾತಿಗೆ ನಮಗೆ ಹಣ ಬರುತ್ತಿರಲಿಲ್ಲ.

ಆಯ್ದಕ್ಕಿ ಮಾರಯ್ಯನ ಕಥೆ ತಮಗೆಲ್ಲ ಬಾಯಿಪಾಠ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದವನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ, ತಂದಲ್ಲಿಯೇ ಸುರಿದು ಬರಲು ಕಳಿಸಿದಳು. ಆ ಅಕ್ಕಿ ಕದ್ದದ್ದಲ್ಲ, ಯಾರೂ ಬೇಡವೆಂದದ್ದೂ ಅಲ್ಲ. ಬೇಕಾದ್ದಕ್ಕಿಂತ ಹೆಚ್ಚಿನದು, ಅಷ್ಟೇ. ಆ ಮೂರು ಬಾಟಲಿಯ ಹಣವನ್ನು ನಾವು ಎಲ್ಲಿ ಸುರಿದು ಬರಬೇಕು? ಮಾರಯ್ಯನಿಗೆ ತಿರುಗಿ ಹೋಗಲು ಅಂಗಳವಾದರೂ ಇತ್ತು.

ಅಂದಿನಿಂದ ಬೇಡದ ಸೂಜಿ ಮಾಡುವುದಿಲ್ಲವೆಂದು ನಿಶ್ಚಯಿಸಿದೆವು. ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಒಂದು ಬೇಸಿಗೆಯಲ್ಲಿ ಅಕ್ಕಲಕೋಟೆ ಕಡೆಯ ಅಜ್ಜಿಯೊಬ್ಬಳು ಭೇದಿಯಾದ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಕೂಸು ಅಳುತ್ತಿತ್ತು, ನೀರು ಕುಡಿಯುತ್ತಿತ್ತು, ಅಪಾಯದ ಚಿಹ್ನೆ ಇರಲಿಲ್ಲ. ಓ.ಆರ್.ಎಸ್. ಪುಡಿಯ ಚೀಟಿ ಕೊಟ್ಟು, ಗುಟುಕು ಗುಟುಕಾಗಿ ಕುಡಿಸು ಆಯೀ ಎಂದು ಹೇಳಿ ಮುಂದಿನವರನ್ನು ಕರೆದೆವು. "ಬರೇ ನೀರ ಕುಡಸಂತ ಹೇಳಾಕ ಎರಡ ಬಸ್ ಬದಲಿ ಬರಬೇಕೇನ್ರೀ?" ಎಂದು ಎದ್ದು ಹೋದಳು. ಬೇರೆ ಕಡೆ ಬಾಟಲಿ ಹಚ್ಚಿಸಿದಳು. ಕೂಸು ಗುಣವಾಯಿತು, ನಮಗೆ ಏನೂ ಬರುವುದಿಲ್ಲವೆಂಬ ಸುದ್ದಿ ಮೂರು ಊರಿಗೆ ಹಬ್ಬಿತು.

ತಪ್ಪು ಆಕೆಯದಲ್ಲ. ಸೂಜಿ ಮಾಡಲು ಒಂದು ನಿಮಿಷ ಸಾಕು, ಬೇಡವೆಂದು ತಿಳಿಸಿಕೊಡಲು ಹದಿನೈದು ನಿಮಿಷ ಬೇಕು. ನಾವು ಒಂದು ನಿಮಿಷದಲ್ಲಿ ಬೇಡವೆಂದಿದ್ದೆವು. 1971ರ ಕಥೆಯನ್ನಾದರೂ ಆಕೆಗೆ ಹೇಳಬೇಕಾಗಿತ್ತು. ಬಾಂಗ್ಲಾ ಯುದ್ಧದ ಕಾಲಕ್ಕೆ ಪಶ್ಚಿಮ ಬಂಗಾಲದ ಬನಗಾಂವದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲಾಯಿನ್ ತೀರಿಹೋಗುತ್ತ ಬಂತು. ಆಗ ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸ್, ಉಪ್ಪು, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕೂ ಕೆಳಗಿಳಿಯಿತು. ಸಕ್ಕರೆಯ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಒಳಗೆಳೆದುಕೊಳ್ಳುತ್ತದೆ ಎಂಬುದೇ ಅದರ ಗುಟ್ಟು. ಆ ಮಹಾನುಭಾವರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ!

ಮನೆಯಲ್ಲಿ ಪುಡಿ ಇಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆ ತಪ್ಪಬಾರದು. ಕೂಸು ಮಂಕಾದರೆ, ಕಣ್ಣು ಒಳಗಿಳಿದರೆ, ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ದವಾಖಾನೆಗೆ ತರಬೇಕು. ಕಿರಾಣಿ ಮತ್ತು ಔಷಧ ಅಂಗಡಿಯ ಬಂಧುಗಳಿಗೂ ಒಂದು ಮಾತು: ಸಿಹಿ ಪಾನಕದ ಡಬ್ಬಿಗಳ ಮೇಲೆ ಓ.ಆರ್.ಎಸ್. ಎಂದು ಹೆಸರು ಹಾಕಿ ಮಾರುವುದನ್ನು 2025ರ ಅಕ್ಟೋಬರದಲ್ಲಿ ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿದೆ. ಹಳೆಯ ಡಬ್ಬಿ ಉಳಿದಿದ್ದರೆ ಭೇದಿಯ ಕೂಸಿಗೆಂದು ಕೇಳಿದವರಿಗೆ ಕೊಡಬೇಡಿರಿ. ಅತಿ ಸಕ್ಕರೆಯ ನೀರು ಭೇದಿಯನ್ನು ಹೆಚ್ಚಿಸುತ್ತದೆ.

ಅಡತಿ ಹಿರಿಯರ ಪ್ರಶ್ನೆಗೆ ಬರೋಣ. ರೋಗವೇ ಬರದಿದ್ದರೆ ವೈದ್ಯನ ಗತಿ ಏನು? ನಮ್ಮ ಹಿರಿಯರಿಗೆ ನಾರುಹುಣ್ಣು ನೆನಪಿರಬೇಕು. ಪಾವಟಿಗೆ ಬಾವಿಗೆ ಇಳಿದು ತುಂಬಿದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ, ಅದರ ಹೊಟ್ಟೆಯಲ್ಲಿ ನಾರಿನ ಮರಿ. ಕುಡಿದವನ ಕಾಲಿನಿಂದ ಒಂದು ವರ್ಷದ ಮೇಲೆ ಎರಡು ಮೂರು ಅಡಿ ಉದ್ದದ ಹುಳ ಹೊರಬರುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು, ಹರಿದರೆ ಕಾಲು ಬಾಯುತ್ತಿತ್ತು. ಆ ಕಾಲನ್ನೇ ಬಾವಿಯ ನೀರಿನಲ್ಲಿ ಇಟ್ಟರೆ ಊರಿಗೆಲ್ಲ ಮತ್ತೆ ರೋಗ. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಕರ್ನಾಟಕ, ಮಹಾರಾಷ್ಟ್ರ, ಆಂಧ್ರ ಮೂರೂ ಆ ಪಟ್ಟಿಯಲ್ಲಿದ್ದವು. ಅದಕ್ಕೆ ಸೂಜಿ ಇರಲಿಲ್ಲ, ಗುಳಿಗೆ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿದರು, ಪಾವಟಿಗೆಗಳನ್ನು ಮುಚ್ಚಿದರು, ಕೊಳವೆ ಬಾವಿ ತೋಡಿದರು, ನೀರಿಗೆ ಔಷಧ ಹಾಕಿದರು. 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡದ್ದು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇಂದಿನ ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ. ಇದರಿಂದ ಯಾವ ವೈದ್ಯನಿಗೂ ಒಂದು ರೂಪಾಯಿ ಶುಲ್ಕ ಬರಲಿಲ್ಲ, ಯಾವ ವೈದ್ಯನೂ ಉಪವಾಸ ಬೀಳಲಿಲ್ಲ.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಅಗೆಸಿದ್ದನ್ನು ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಕೋಲಿನ ಹಿಂದೆ ನಡೆಯುವಾಗ ನೆನೆಯುತ್ತೇವೆ. ಅದನ್ನು ಪುಣ್ಯದ ಕೆಲಸವೆಂದು ಮಾತ್ರ ಬಗೆದಿದ್ದೆವು. ಊರಿಗೆ ನೀರು ಒದಗಿಸುವುದು ಊರಿನ ವೈದ್ಯವೂ ಹೌದೆಂದು ನಮಗೆ ತಡವಾಗಿ ತಿಳಿಯಿತು. 1946ರಲ್ಲಿಯೇ ಭೋರ್ ಸಮಿತಿ, ಹಣ ಕೊಡಲಾರದವನಿಗೂ ಚಿಕಿತ್ಸೆ ಸಿಗಬೇಕು, ರೋಗ ತಡೆಯುವುದೂ ಗುಣಪಡಿಸುವುದೂ ಒಂದೇ ಕಡೆ ನಡೆಯಬೇಕು ಎಂದು ಬರೆದಿಟ್ಟಿತು. ಸೊಲ್ಲಾಪುರಕ್ಕೆ ದೂರವಲ್ಲದ ಜಾಮಖೇಡದಲ್ಲಿ ಡಾ. ರಜನಿಕಾಂತ ಆರೋಳೆ, ಡಾ. ಮೇಬಲ್ ಆರೋಳೆ ದಂಪತಿಗಳು 1970ರಿಂದ ಅಕ್ಷರ ಬಾರದ ಹಳ್ಳಿಯ ಹೆಣ್ಣುಮಕ್ಕಳಿಗೆ ತಮ್ಮ ವಿದ್ಯೆಯನ್ನು ಹಂಚಿಕೊಟ್ಟರು. ಹದಿನೈದು ನಿಮಿಷದ ಮಾತಿಗೆ ಡಾಕ್ಟರನೇ ಬೇಕಿಲ್ಲ ಎಂಬುದು ಅವರು ತೋರಿಸಿದ ದಾರಿ. ನಮ್ಮ ಗಡಿಭಾಗದ ತೊಂದರೆ ಇನ್ನೊಂದಿದೆ: ಆರೋಗ್ಯದ ಕರಪತ್ರ ಮರಾಠಿಯಲ್ಲಿ ಬರುತ್ತದೆ, ಮನೆಯ ಅಜ್ಜಿಯ ಮಾತು ಕನ್ನಡ. ತಾಳವಾಡಿಯ ಕಡೆ ಅದೇ ತಮಿಳು, ಆದವಾನಿಯ ಕಡೆ ತೆಲುಗು. ಓದಿ ಹೇಳುವವರು ಬೇಕು, ಅದಕ್ಕೆ ಮಠಕ್ಕಿಂತ ತಕ್ಕ ಜಾಗ ನಮಗೆ ಕಾಣದು.

ಅಂಗಡಿಕಾರ ಬಂಧುಗಳು ಇದು ವೈದ್ಯರ ಮನೆಯ ಜಗಳವೆಂದು ತಿಳಿಯಬಾರದು. ದ್ರಾಕ್ಷಿಗೆ ಇನ್ನೊಂದು ಸಿಂಪಡಣೆಯ ಔಷಧ ಕೊಡಿರಿ ಎಂದು ರೈತ ಕೇಳುತ್ತಾನೆ. ಬೇಡವೆಂದು ತಮಗೆ ಗೊತ್ತಿರುತ್ತದೆ. ಮುಂದಿನ ಅಂಗಡಿಯವನು ಕೊಡುತ್ತಾನೆಂಬುದೂ ಗೊತ್ತಿರುತ್ತದೆ. ತಾವು ಏನು ಮಾಡುತ್ತೀರಿ ಎಂಬುದನ್ನು ಆ ಹಿರಿಯರು ಮುಂದಿನ ಗೋಷ್ಠಿಯಲ್ಲಿ ಹೇಳಿದರೆ ನಾವು ಕಲಿಯಲು ಸಿದ್ಧರಿದ್ದೇವೆ.

ಪೂಜ್ಯರ ಅಪ್ಪಣೆಯಾಗಿದೆ. ಇನ್ನು ಮೇಲೆ ಪ್ರತಿ ಹುಣ್ಣಿಮೆ ಪ್ರಸಾದದ ನಂತರ ನಾವು ಮಠದ ದಾಸೋಹ ಭವನದ ಕಟ್ಟೆಯ ಮೇಲೆ ಕುಳಿತಿರುತ್ತೇವೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇರುವವರು, ಸಂಜೆ ಜ್ವರ ಬಂದು ತೂಕ ಇಳಿಯುತ್ತಿರುವವರು ಸಂಕೋಚವಿಲ್ಲದೆ ಬರಬೇಕು. ಕುಡಿಯುವ ನೀರಿನ ಬಾವಿ, ಟಾಕಿಯ ಬಗ್ಗೆ ಕೇಳುವುದಿದ್ದರೂ ಬರಬಹುದು. ಶುಲ್ಕವಿಲ್ಲ. ಸೂಜಿಯೂ ಇರುವುದಿಲ್ಲ.