ಅರಿಯೆನೆಂಬ ಉತ್ತರ

ಪ್ರಶ್ನೋಪನಿಷತ್ತಿನಲ್ಲಿ ಕೊನೆಯ ಪ್ರಶ್ನೆಯನ್ನು ಕೇಳುವವನು ಸುಕೇಶ ಭಾರದ್ವಾಜನು. ಕೋಸಲದ ರಾಜಪುತ್ರ ಹಿರಣ್ಯನಾಭನು ಹಿಂದೊಮ್ಮೆ ಅವನಲ್ಲಿಗೆ ಬಂದು, ಹದಿನಾರು ಕಲೆಗಳುಳ್ಳ ಪುರುಷನನ್ನು ಬಲ್ಲೆಯಾ ಎಂದು ಕೇಳಿದ್ದನು. ತಾನರಿಯೆನೆಂದು ಸುಕೇಶನು ಒಪ್ಪಿಕೊಂಡನು. ರಾಜಪುತ್ರನು ಮರುಮಾತಿಲ್ಲದೆ ರಥವೇರಿ ಹೊರಟುಹೋದನು. ಪ್ರಶ್ನೆ ಮಾತ್ರ ಸುಕೇಶನಲ್ಲಿಯೇ ಉಳಿಯಿತು. ಅದನ್ನೇ ಹೊತ್ತು ಅವನು ಸಮಿತ್ಪಾಣಿಯಾಗಿ ಪಿಪ್ಪಲಾದರ ಬಳಿಗೆ ಬಂದನು.

ಡಾಕ್ಟರೇಟು ಪದವಿಯ ಸಂಶೋಧನೆಗೆ ಪ್ರವೇಶವನ್ನು ಬಯಸಿ ಸಂದರ್ಶನಕ್ಕೆ ಬರುವ ಅಭ್ಯರ್ಥಿಗೂ ಇಂತಹ ಗಳಿಗೆಯೊಂದು ಒದಗುವುದುಂಟು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಗಳಂತೆ, ವಿಶ್ವವಿದ್ಯಾಲಯವು ತಾನೇ ಪ್ರವೇಶಪರೀಕ್ಷೆಯನ್ನು ನಡೆಸಿದಲ್ಲಿ ಪರೀಕ್ಷೆಗೆ ನೂರಕ್ಕೆ 70, ಸಂದರ್ಶನಕ್ಕೆ 30 ಪಾಲು. ಹಲವು ವರ್ಷಗಳ ಆಸೆಯು ಆ 30ರಲ್ಲಿ ತೂಗುತ್ತಿರುವಾಗ, ಉತ್ತರ ತೋಚದವನು ಏನು ಮಾಡಬೇಕು? ಊಹೆಯನ್ನೇ ತಿಳಿವೆಂದು ಧೈರ್ಯದಿಂದ ನುಡಿದು ಪಾರಾಗಬಹುದೇ?

ತಿಳಿದುದಕ್ಕೂ ತಿಳಿಯದುದಕ್ಕೂ ನಡುವಣ ಗಡಿಯನ್ನು ಗುರುತಿಸುವುದೇ ಸಂಶೋಧಕನ ಮೊದಲ ಕೆಲಸ. ಬಾಗಿಲಲ್ಲಿಯೇ ಆ ಗಡಿಯನ್ನು ಅಳಿಸಿದವನು ಒಳಹೊಕ್ಕ ಮೇಲೆ ಅದನ್ನು ಕಾಯುವನೆಂದು ನಂಬುವುದೆಂತು? ಆದುದರಿಂದ ಇದು ಜಾಣತನದ ಮಾತಲ್ಲ, ಧರ್ಮದ ಮಾತು.

ಆದರೆ ಅರಿಯೆನೆಂಬ ಮಾತಿಗೆ ಎಲ್ಲೆಡೆಯೂ ಒಂದೇ ಬೆಲೆಯಿಲ್ಲ. ಹಳಗನ್ನಡದ ಕಾವ್ಯಮೀಮಾಂಸೆಯನ್ನು ವಿಷಯವಾಗಿ ಆರಿಸಿಕೊಂಡವನು, ಕವಿರಾಜಮಾರ್ಗವು ಯಾವ ಶತಮಾನದ್ದೆಂದು ಅರಿಯೆನೆಂದರೆ ಅದು ಆಲಸ್ಯವೇ ಹೊರತು ಸತ್ಯವಂತಿಕೆಯಲ್ಲ. ಒಂಬತ್ತನೆಯ ಶತಮಾನವೆಂಬುದನ್ನು ಅವನು ತಿಳಿದೇ ಬರತಕ್ಕುದು. ಅದರ ಕರ್ತೃವು ನೃಪತುಂಗನೋ ಶ್ರೀವಿಜಯನೋ ಎಂದು ಕೇಳಿದರೆ ವಿಷಯವೇ ಬೇರೆ. ಅಲ್ಲಿ ವಿದ್ವಾಂಸರಲ್ಲಿಯೇ ಭಿನ್ನಾಭಿಪ್ರಾಯವುಂಟು. ಎರಡು ಪಕ್ಷಗಳ ಆಧಾರಗಳನ್ನೂ ಹೇಳಿ, ತನ್ನ ಒಲವನ್ನೂ ಅದರ ಕಾರಣವನ್ನೂ ತಿಳಿಸಿ, ಸಂದೇಹವು ಎಲ್ಲಿ ಉಳಿದಿದೆಯೆಂದು ತೋರಿಸಿದವನು ತಕ್ಕ ಉತ್ತರವನ್ನೇ ಕೊಟ್ಟಂತಾಯಿತು. ಓದದ ಗ್ರಂಥದ ಪ್ರಸ್ತಾಪ ಬಂದರೆ, ಓದಿಲ್ಲವೆಂದು ಹೇಳಿ ಅದನ್ನು ಓದುವ ಹೊಣೆಯನ್ನು ಹೊರಬೇಕು.

ಕೇಳುವವರಿಗೂ ಧರ್ಮವುಂಟು. ಅಭ್ಯರ್ಥಿಯ ಯೋಗ್ಯತೆ, ಆ ಕಾರ್ಯವು ಆ ಸಂಸ್ಥೆಯಲ್ಲಿ ನಡೆಯುವ ಸಾಧ್ಯತೆ, ಅದರಿಂದ ಹೊಸ ತಿಳಿವು ದೊರೆಯುವ ಸಂಭವ, ಈ ಮೂರನ್ನು ನೋಡಬೇಕೆಂದು 2016ರ ನಿಯಮಗಳು ಹೇಳಿದ್ದವು. ಹೆಣ್ಣುಮಗಳೊಬ್ಬಳಿಗೆ ಮದುವೆ ಯಾವಾಗ ಎಂದು ಕೇಳುವುದು ಈ ಮೂರರಲ್ಲಿ ಯಾವುದಕ್ಕೂ ಸೇರದು. ಅಂತಹ ಪ್ರಶ್ನೆಗೆ ವಿನಯದಿಂದ ಉತ್ತರವನ್ನು ನಿರಾಕರಿಸುವುದು ಅವಿಧೇಯತೆಯಲ್ಲ. ಅರಿಯೆನೆಂದು ನಿಜ ನುಡಿದವನನ್ನು ನೋಡಿ ನಗುವ ಪರೀಕ್ಷಕರು ಮುಂದಿನವನಿಗೆ ಸುಳ್ಳನ್ನು ಕಲಿಸಿದಂತೆಯೇ ಸರಿ.

ನಿಜ ಹೇಳಿದವನಿಗೆ ಸ್ಥಾನ ತಪ್ಪಿದರೂ ತಪ್ಪಬಹುದು. ಹಿರಣ್ಯನಾಭನೂ ಸುಕೇಶನನ್ನು ಹೊಗಳಲಿಲ್ಲ, ಸುಮ್ಮನೆ ಹೊರಟುಹೋದನು. ಅಂದು ಸುಕೇಶನು ಏನನ್ನಾದರೂ ಕಟ್ಟಿ ಹೇಳಿದ್ದರೆ ಆ ಪ್ರಶ್ನೆ ಅಲ್ಲಿಗೇ ಮುಗಿಯುತ್ತಿತ್ತು. ಪಿಪ್ಪಲಾದರಲ್ಲಿ ಕೇಳಲು ಅವನಿಗೆ ಏನೂ ಉಳಿಯುತ್ತಿರಲಿಲ್ಲ.